ಏಳನೆಯ ಬಾವುಟದ ದೂರ

ಈ ಸಂಗತಿಯನ್ನು ಮೊದಲು ಹೇಳಿದವರು ಬಾಲಗಾಂವದ ರಸೂಲಸಾಬ ನದಾಫರು. ಹೋದ ವರ್ಷ ದೀಪಾವಳಿ ಕಳೆದು ಚಳಿ ಬಿದ್ದ ಹೊಸತರಲ್ಲಿ, ಮಾಡಗ್ಯಾಳದ ಒಂದು ಅಂಗಳದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತ ಹೇಳಿದರು. ಗಾದಿಯ ಅಂಚು ಹಿಡಿದ ಹೆಣ್ಣುಮಕ್ಕಳು, ಬಿಸಿಲು ಕಾಯಲು ಬಂದ ಗಂಡಸರು ಕೇಳುತ್ತಿದ್ದರು. ಆಮೇಲೆ ಬೇರೆಯವರ ಬಾಯಲ್ಲಿಯೂ ಇದು ಕಿವಿಗೆ ಬಿದ್ದಿದೆ. ಒಬ್ಬರು ಟಗರಿನ ಬಣ್ಣ ಬದಲಿಸಿದರು, ಇನ್ನೊಬ್ಬರು ಸಾಹೇಬರ ಊರು ಬದಲಿಸಿದರು. ಏಳನೆಯ ಬಾವುಟದ ಮಾತನ್ನು ಮಾತ್ರ ಯಾರೂ ಬದಲಿಸಿಲ್ಲ. ರಸೂಲಸಾಬರು ಹೇಳಿದ್ದು ಹೀಗೆ.

ಸಲೀಮ ಚೀಲದ ಬದಿಯ ಕಿಸೆಗೆ ಕೈ ಹಾಕಿದ. ಬೆರಳಿಗೆ ಸಾಹೇಬರ ಕೈಗಡಿಯಾರ ಹತ್ತಿತು. ಯಂತ್ರ ಹತ್ತಲಿಲ್ಲ.

ಇನ್ನೊಮ್ಮೆ ಹಾಕಿದ. ಕಿಸೆಯನ್ನು ಹೊರಮಗ್ಗುಲಾಗಿ ತಿರುವಿ ನೋಡಿದ. ಕೋಲುಗಳನ್ನೆಲ್ಲ ತೆಗೆದು ಕಟ್ಟೆಯ ಮೇಲಿಟ್ಟು ಚೀಲವನ್ನೇ ಬೋರಲು ಹಾಕಿದ. ಎರಡು ಬಿಳಿ ಚೆಂಡು ಉರುಳಿ ಚಹಾದ ಅಂಗಡಿಯ ಒಲೆಯವರೆಗೆ ಹೋದವು. ಅಷ್ಟೇ. ಟಗರು ಹೋಗಿ ಇನ್ನೂ ನಾಲ್ಕು ದಿನವಾಗಿರಲಿಲ್ಲ, ಈಗ ಇದು. ಊರು ಏನೆಂದೀತು?

ಸೊರಡಿ ಊರಿನಾಚೆಯ ಆ ಕಲ್ಲುಮಡ್ಡಿಯನ್ನು, ಆ ಬೋಳು ಕಲ್ಲುದಿಬ್ಬವನ್ನು, ಬಲ್ಲವರಿಗೆ ಅಲ್ಲಿ ಗಾಲ್ಫ್ ಮೈದಾನವಿದೆ ಎಂದರೆ ನಂಬಿಕೆ ಬರಲಿಕ್ಕಿಲ್ಲ. ದಾಳಿಂಬೆಯ ವ್ಯಾಪಾರದಲ್ಲಿ ಕೈ ಕುದುರಿದ ಅಪ್ಪಾಸಾಬರು ಎಲ್ಲಿಯೋ ಆ ಆಟ ನೋಡಿ ಬಂದು, ತಮ್ಮ ಮಡ್ಡಿಯಲ್ಲಿ ಒಂಬತ್ತು ಕುಳಿ ತೋಡಿಸಿ ಒಂಬತ್ತು ಬಾವುಟ ನೆಡಿಸಿದರು. ಕೋಲಿನಿಂದ ಸಣ್ಣ ಚೆಂಡು ಹೊಡೆದು ದೂರದ ಬಾವುಟದ ಬುಡದ ಕುಳಿಗೆ ಸೇರಿಸುವ ಆಟ. ಸುತ್ತಲಿನ ಗಾಳಿವಿದ್ಯುತ್ತಿನ ಪವನಚಕ್ಕಿಗಳ ಇಂಜಿನಿಯರುಗಳು ರಜೆಯ ದಿನ ಬರುತ್ತಿದ್ದರು. ಕುಳಿಯ ಸುತ್ತ ನುಣ್ಣನೆಯ ಹಸಿರು ಬೆಳೆಸಲು ನೀರೆಲ್ಲಿದೆ? ಅದಕ್ಕೆ ಗುಂಡಗೆ ಅಗೆದು, ಮುರುಮು ಎಂಬ ಗರಸು ಮಣ್ಣು ತುಂಬಿ, ಮೇಲೆ ಮರಳು ಹಾಸಿ, ಸುಟ್ಟ ಎಂಜಿನ್ ಎಣ್ಣೆ ಕುಡಿಸುತ್ತಿದ್ದರು. ಎಣ್ಣೆಯಿಲ್ಲದಿದ್ದರೆ ಮಡ್ಡಿಯ ಗಾಳಿ ಮರಳನ್ನು ಉಳಿಯಗೊಡದು. ಊರವರು ಅದನ್ನು ಕರಿ ಹಾಸು ಎನ್ನುತ್ತಿದ್ದರು. ಉಳಿದ ಬಯಲಿನ ಹುಲ್ಲು ಗಿಡ್ಡಗಿರಿಸುವ ಕೆಲಸ ಊರಿನ ಕುರಿಗಾರ್ತಿ ಮಾಯಕ್ಕನ ಕುರಿಗಳದು. ಅವು ಎಲ್ಲಿ ಬೇಕಾದರೂ ಮೇಯುತ್ತಿದ್ದವು. ಹಾಸಿನ ಮೇಲೆ ಮಾತ್ರ ಕಾಲಿಡುತ್ತಿರಲಿಲ್ಲ, ಎಣ್ಣೆಯ ನಾತ ಅವಕ್ಕೆ ಆಗುತ್ತಿರಲಿಲ್ಲ.

ಸಲೀಮನ ಕೆಲಸ ಆಡುವವರ ಚೀಲ ಹೊರುವುದು. ಬೇರೆಯವರ ಗಡಿಯಾರ, ಪಾಕೀಟು, ಫೋನು ದಿನವೂ ಅವನ ಹೆಗಲಿನಲ್ಲಿ. ಆ ಕೆಲಸಕ್ಕೆ ಬೇಕಾದದ್ದು ಹೆಗಲಿಗಿಂತ ಹೆಚ್ಚಾಗಿ ಹೆಸರು. ಆ ಹೆಸರಿಗೆ ಸಂತೆಯ ದಿನ ಪೆಟ್ಟು ಬಿದ್ದಿತ್ತು. ಅಂದು ಮಧ್ಯಾಹ್ನ ಮಾಯಕ್ಕನ ಟಗರು ಮಾಯವಾಯಿತು. ಗಿಣಿಮೂಗಿನ, ಎತ್ತರದ ಕಾಲಿನ, ಮಾಡಗ್ಯಾಳದ ಅಸಲು ತಳಿಯದು. ಸರದಾರ ಎಂದು ಅದರ ಹೆಸರು. ಟ್ರ್ಯಾಕ್ಟರಿನ ಬೆಲೆಗೆ ಕೇಳಿದರೂ ಅವಳು ಕೊಟ್ಟಿರಲಿಲ್ಲ. ಸಲೀಮನ ಅಕ್ಕನ ಗಂಡ ಮಿರಜಿನಲ್ಲಿ ಮಟನ್ ಅಂಗಡಿ ಇಟ್ಟವನು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಕಿರಾಣಿ ಅಂಗಡಿಯಲ್ಲಿ ಅವನು ಬಂದೊಡನೆ ಮಾತು ನಿಲ್ಲತೊಡಗಿತು. ಮಾಯಕ್ಕ, ಅವನನ್ನು ಚಿಕ್ಕಂದಿನಿಂದ ಅಣ್ಣಾ ಎಂದವಳು, ಎದುರು ಬಂದರೆ ಸೆರಗು ಸರಿಪಡಿಸುತ್ತ ಬೇರೆ ಕಡೆ ನೋಡುತ್ತಿದ್ದಳು.

ಈಗ ಕಳೆದ ಯಂತ್ರ ತುಕಾರಾಮ ಸಾಹೇಬರದು. ಸಾಹೇಬರು ಸಾಂಗಲಿಯವರು, ಪವನಚಕ್ಕಿಯ ಇಂಜಿನಿಯರು. ಅಂಗೈಯಷ್ಟಿನ ಜಿಪಿಎಸ್ ಯಂತ್ರ. ನಿಂತಲ್ಲಿಂದ ಬಾವುಟ ಎಷ್ಟು ಗಜ ದೂರವೆಂದು ಆಕಾಶದ ಉಪಗ್ರಹಗಳನ್ನು ಕೇಳಿ ಹೇಳುತ್ತಿತ್ತು. ದೊಡ್ಡ ಊರುಗಳ ಮೈದಾನಗಳು ಅದರಲ್ಲಿ ಮೊದಲೇ ತುಂಬಿರುತ್ತವಂತೆ. ಸೊರಡಿಯ ಮಡ್ಡಿ ಯಾರ ನಕ್ಷೆಯಲ್ಲಿರಬೇಕು? ಅದಕ್ಕೆ ಹೋದ ಚಳಿಗಾಲದಲ್ಲಿ ಸಾಹೇಬರು ಸಲೀಮನನ್ನು ಒಂದೊಂದು ಹಾಸಿನ ನಟ್ಟನಡುವೆ ನಿಲ್ಲಿಸಿ, ಅವನ ಕೈಯಿಂದಲೇ ಗುಂಡಿ ಒತ್ತಿಸಿ, ಒಂಬತ್ತೂ ಜಾಗಗಳನ್ನು ಯಂತ್ರಕ್ಕೆ ಕಲಿಸಿದ್ದರು.

ಅಂದು ಬೆಳಿಗ್ಗೆ ಆರು ಕುಳಿಗಳವರೆಗೆ ಯಂತ್ರ ಹೇಳಿದ್ದು ಹೇಳಿದಂತೆ ನಡೆಯಿತು. ಏಳನೆಯದಕ್ಕೆ ನಿಂತಾಗ ಮಾಯಕ್ಕನ ಹಿಂಡು ಎದುರಿನ ಬಯಲು ದಾಟುತ್ತಿತ್ತು. ಸಲೀಮನ ಕಣ್ಣು ಅದರ ಮುಂದಲೆಯಲ್ಲಿ ಸರದಾರನನ್ನು ಹುಡುಕಿತು. ಮುಂದಾಳಿಲ್ಲದ ಹಿಂಡು ಬರಿ ನೆಲದ ನಡುವೆ ಎರಡಾಗಿ ಒಡೆದು, ಅತ್ತ ಇತ್ತ ಹರಿದು, ಮುಂದೆ ಹೋಗಿ ಮತ್ತೆ ಕೂಡಿಕೊಂಡಿತು. ಹಿಂದೆ ಮಾಯಕ್ಕ ಕೋಲು ಊರುತ್ತ ಹೋದಳು. ಅವನ ಕಡೆ ನೋಡಲಿಲ್ಲ. ಆ ನೋಟ ತಪ್ಪಿದ್ದೇ ಅವನ ಎದೆಯಲ್ಲಿ ಮುಳ್ಳಾಗಿ, ಉಳಿದದ್ದರ ಮೇಲೆ ಲಕ್ಷ್ಯ ಹೋಗಲಿಲ್ಲ.

ಯಂತ್ರ ನೂರಾ ನಲವತ್ತು ಗಜ ಎಂದಿತು. ಸಾಹೇಬರು ಅದಕ್ಕೆ ತಕ್ಕ ಕೋಲು ಆಯ್ದು ಹೊಡೆದರು. ಹೊಡೆತ ಚಲೋ ಇತ್ತು, ಆದರೂ ಚೆಂಡು ಬಾವುಟಕ್ಕಿಂತ ಬಹಳ ಈಚೆಗೇ ಬಿತ್ತು. ಇನ್ನೊಂದು ಹೊಡೆದರು. ಅದೂ ಅಲ್ಲಿಯೇ, ಮೊದಲಿನದರ ಮಗ್ಗುಲಿಗೆ. ಅಷ್ಟರಲ್ಲಿ ಟ್ರ್ಯಾಕ್ಟರು ಓಡಿಸುತ್ತ ಬಂದವನು ಶುಭಮ, ಅಪ್ಪಾಸಾಬರ ತಂಗಿಯ ಮಗ. ಮೈದಾನದ ಉಸ್ತುವಾರಿ ಅವನದು. ಮಷೀನು ಕೆಟ್ಟಿದೆ, ತನ್ನ ಕೈಗೆ ಕೊಟ್ಟರೆ ಸಾಂಗಲಿಗೆ ಕಳಿಸಿ ದುರಸ್ತಿ ಮಾಡಿಸುತ್ತೇನೆ ಎಂದ. ಸಾಹೇಬರು ಕೊಡಲು ಮುಂದಾದರು. ಸಲೀಮನೇ ತಡೆದ.

"ಮಷೀನ ಸುಳ್ಳ ಹೇಳಂಗಿಲ್ರಿ ಸಾಹೇಬ್ರ. ಗುಂಡಿ ಒತ್ತುವಾಗ ನಟ್ಟ ನಡುವ ನಿಂತಾಂವ ನಾನು."

ಚಹಾ ಕುಡಿದು ಬಂದು ಇನ್ನೊಮ್ಮೆ ಅಳೆದು ನೋಡೋಣ ಎಂದರು ಸಾಹೇಬರು. ಆ ಚಹಾದ ಹೊತ್ತಿನಲ್ಲಿಯೇ ಯಂತ್ರ ಹೋಯಿತು.

ಮಧ್ಯಾಹ್ನ ದಾಟುವವರೆಗೆ ಹುಡುಕಿದರು, ಸಿಗಲಿಲ್ಲ. ಇಳಿಹೊತ್ತಿಗೆ ಸುದ್ದಿ ಮುಟ್ಟಿದೊಡನೆ ಅಪ್ಪಾಸಾಬರು ಜೀಪಿನಲ್ಲಿ ಬಂದರು. ಬಂದ ಅತಿಥಿಯ ವಸ್ತು ತನ್ನ ಅಂಗಳದಲ್ಲಿ ಕಳವಾಗಿದ್ದು ಅವರಿಗೆ ಮುಖಕ್ಕೆ ಹೊಡೆದಂತಾಗಿತ್ತು. ಹೊತ್ತು ಮುಳುಗುವುದರೊಳಗೆ ಸಿಗದಿದ್ದರೆ ಸಲೀಮನನ್ನು ಅದೇ ಜೀಪಿನಲ್ಲಿ ಜತ್ತದ ಪೊಲೀಸ್ ಠಾಣೆಗೆ ಕಳಿಸುತ್ತೇನೆ, ಟಗರಿನ ಮಾತೂ ಅಲ್ಲಿಯೇ ತೀರಲಿ ಎಂದರು. ಸಲೀಮ ಖಾಲಿ ಕಿಸೆಯನ್ನು ಇನ್ನೊಮ್ಮೆ ತಡಕಿದ. ಠಾಣೆಯ ಮೆಟ್ಟಿಲು ಹತ್ತಿದವನ ಹೆಗಲಿಗೆ ಯಾರು ಚೀಲ ಕೊಡುತ್ತಾರೆ? ಮನೆಯಲ್ಲಿ ಹೆಂಡತಿ ಫಿರದೋಸಳ ಎದುರು ಏನೆಂದು ನಿಲ್ಲುವುದು? ಅವನ ಕಣ್ಣು ಮೇಲಿಂದ ಮೇಲೆ ಪಡುವಣದ ಪವನಚಕ್ಕಿಗಳ ಕಡೆ ಹೋಗುತ್ತಿತ್ತು. ಸೂರ್ಯ ಆಗಲೇ ಅವುಗಳ ರೆಕ್ಕೆಯ ಮಟ್ಟಕ್ಕೆ ಇಳಿದಿದ್ದ.

ಆದರೆ ಠಾಣೆಗೆ ಹೋಗುವ ಮೊದಲು ಊರಿನ ಪೊಲೀಸ್ ಪಾಟೀಲರನ್ನು, ಊರ ತಂಟೆ ತಕರಾರು ನೋಡಲು ಸರಕಾರ ನೇಮಿಸಿದವರನ್ನು, ಕರೆಯುವುದು ರೀತಿ. ಸೊರಡಿ ಸೀಮೆಯಲ್ಲಿ ಆ ಹುದ್ದೆ ಯಮನವ್ವನದು. ಸರಕಾರದ ಆದೇಶ ಬಂದ ದಿನ ನಕ್ಕವರು ಇದ್ದರು. ಈಗ ನಗುವವರಿರಲಿಲ್ಲ. ತಲೆಯ ಮೇಲೆ ಸೆರಗು, ಅದರ ಮೇಲೆ ಹೆಲ್ಮೆಟ್ಟು, ಸ್ಕೂಟಿಯ ಮೇಲೆ ಬಂದಳು. ಗಾಡಿ ನಿಲ್ಲಿಸಿ, ಮೊದಲು ಒಂದು ಕಪ್ಪು ಚಹಾ ಕೇಳಿದಳು. ಅದು ತಣ್ಣಗಾಗುವವರೆಗೆ, ಬೆಳಗಿನ ಆಟದಲ್ಲಿ ಏನಾಯಿತು, ಯಾರು ಏನೆಂದರು ಎಂದು ಸಾಹೇಬರಿಂದ ಕೇಳಿಕೊಳ್ಳುತ್ತ, ಕಟ್ಟೆಯ ಮೇಲೆ ಹರವಿದ ಸಾಮಾನುಗಳನ್ನು ನೋಡಿದಳು.

"ಈ ಗಡಿಯಾರ ಎಲ್ಲಿತ್ತು?"

"ಅದs ಕಿಸೇದಾಗರಿ, ಪಾಟೀಲಬಾಯಿ," ಎಂದ ಸಲೀಮ. "ಆಡುವಾಗ ಸಾಹೇಬ್ರು ಬಿಚ್ಚಿ ಕೊಡ್ತಾರು."

"ಮಷೀನಿಗಿಂತ ತುಟ್ಟೀದೇನು ಇದು?"

ತುಕಾರಾಮ ಸಾಹೇಬರು ಮರಾಠಿಯಲ್ಲಿ, ಎಷ್ಟೋ ಪಟ್ಟು ತುಟ್ಟಿಯದು ಎಂದರು. ಯಮನವ್ವ ಹೂಂಗುಟ್ಟಿದಳು.

"ಚೀಲ ಇಲ್ಲಿಟ್ಟ ಮ್ಯಾಲೆ ನೀ ಎಲ್ಲಿ ಹೋದಿ?"

"ನಳದ ಕಡೆ. ಕೋಲಿನ ತುದಿ ತೊಳೀಲಿಕ್ಕ."

"ಚೀಲದ ಹತ್ರ ಯಾರ್ಯಾರ ಬಂದ್ರು?"

ಹೆಸರು ಹೇಳುವುದು ಸಲೀಮನಿಗೆ ಕಷ್ಟವಾಯಿತು. ಸಾಹೇಬರು ಫೋನಿನಲ್ಲಿ ಮಾತಾಡುತ್ತ ಆಚೆ ಹೋಗಿದ್ದರು. ಶುಭಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಮಾಯಕ್ಕ ಕೊಡ ತುಂಬಿಕೊಳ್ಳಲು ಬಂದು ಹೋಗಿದ್ದಳು. ಅಷ್ಟು ಹೇಳಿ ತಲೆ ತಗ್ಗಿಸಿದ.

"ನನ್ನ ಹೆಸರ ಬ್ಯಾರೆ ಹೇಳ್ತಾನ ಇಂವ," ಎಂದಳು ಮಾಯಕ್ಕ. ಹಿಂಡನ್ನು ದೂರ ನಿಲ್ಲಿಸಿ ಆಗ ತಾನೇ ಬಂದಿದ್ದಳು. ಅಣ್ಣನ ಜಾಗಕ್ಕೆ ಬಂದ ಆ 'ಇಂವ' ಸಲೀಮನಿಗೆ ಠಾಣೆಯ ಮಾತಿಗಿಂತ ಬಿರುಸಾಗಿ ತಾಕಿತು. "ಮೊದಲ ನನ್ನ ಟಗರ ಎಲ್ಲಿ ಐತಿ ಕೇಳ್ರಿ ಅವಗ."

"ಟಗರಿನ ಮಾತs ಕೇಳಾಕತ್ತೇನಿ, ಮಾಯಕ್ಕ," ಎಂದಳು ಯಮನವ್ವ ಶಾಂತವಾಗಿ. "ನಿನ್ನ ನಾಯಿ ಹುಡುಕಲಿಲ್ಲೇನು?"

"ಹುಡುಕ್ತರಿ. ವಾಸನಿ ಹಿಡಕೊಂಡ ಏಳನೇ ಬಾವುಟದ ಮಟಾ ಬಂತು. ಅಲ್ಲೆ ನೆಲಕ್ಕ ಮೂಗ ಹಚ್ಚಿ, ಸೀತು, ತಿರುಗಿ ಬಂತು. ಎಣ್ಣಿ ನಾತಕ್ಕ ಅದರ ಮೂಗs ಕೆಟ್ಟೋತು."

"ಬಾವುಟದ ಹತ್ರನs ಸೀತೇನು?"

ಮಾಯಕ್ಕ ಯೋಚಿಸಿದಳು. "ಇಲ್ಲರಿ. ಸ್ವಲ್ಪ ಈಚಿಗೆ."

ಯಮನವ್ವ ಚಹಾದ ಕಪ್ಪು ಕೆಳಗಿಟ್ಟಳು. ಶುಭಮನ ಕಡೆ ತಿರುಗಿದಳು. ಸಂತೆಯ ದಿನ ಎಲ್ಲಿದ್ದೆ ಎಂದು ಕೇಳಿದಳು. ಇಲ್ಲಿಯೇ, ಏಳನೆಯ ಹಾಸಿಗೆ ಹೊಸ ಎಣ್ಣೆ ಹಾಕುತ್ತಿದ್ದೆ ಎಂದ. ಆಳುಗಳು? ಎಲ್ಲರೂ ಸಂತೆಗೆ ಹೋಗಿದ್ದರು. ಉಳಿದ ಎಂಟು ಹಾಸುಗಳಿಗೆ ಎಣ್ಣೆ ಯಾವಾಗ ಹಾಕಿದ್ದು? ಶುಭಮ ಕೊರಳಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಅವು ದೀಪಾವಳಿಗೆ ಮಾಡೂದು. ಏಳನೇದು ಭಾಳ ಒಣಗಿತ್ತು. ಪಾಟೀಲಬಾಯಿ, ಕಳ್ಳನ್ನ ಎದುರಿಗೆ ಇಟಗೊಂಡ ಎಣ್ಣಿ ಲೆಕ್ಕಾ ಯಾಕ ಕೇಳ್ತೀರಿ?"

ಯಮನವ್ವ ಎದ್ದು ನಿಂತಳು. "ಏಳನೇದಕ ಹೋಗೂಣು ನಡೀರಿ. ಎಲ್ಲಾರೂ."

ಮಡ್ಡಿಯ ಮೇಲೆ ನೆರಳುಗಳು ಉದ್ದವಾಗಿದ್ದವು. ಹಿಂದೆ ಅಪ್ಪಾಸಾಬರ ಜೀಪು ಮೆಲ್ಲಗೆ ಬರುತ್ತಿತ್ತು, ಹಿಂದಿನ ಸೀಟು ಖಾಲಿಯಾಗಿ, ಸಲೀಮನಿಗೆಂದೇ.

ಏಳನೆಯದಕ್ಕೆ ಚೆಂಡು ಹೊಡೆಯಲು ನಿಲ್ಲುವ ಕಲ್ಲಿನ ಹತ್ತಿರ ಯಮನವ್ವ ನಿಂತಳು. ಬೆಳಿಗ್ಗೆ ಚೆಂಡು ಎಲ್ಲಿ ಬಿದ್ದವು, ತೋರಿಸು ಎಂದಳು. ಸಲೀಮ ನಡೆದು ಹೋಗಿ ತೋರಿಸಿದ. ಮುರುಮಿನ ನೆಲದಲ್ಲಿ ಎರಡು ಸಣ್ಣ ತಗ್ಗು ಅಕ್ಕಪಕ್ಕದಲ್ಲಿದ್ದವು. ಬಾವುಟ ಅಲ್ಲಿಂದ ಒಂದು ಕುರಿಹಟ್ಟಿಯ ಅಗಲದಷ್ಟು ಆಚೆಗೆ, ಹೊಸ ಎಣ್ಣೆಯಲ್ಲಿ ಮಿನುಗುವ ಹಾಸಿನ ನಡುವೆ ಹಾರಾಡುತ್ತಿತ್ತು. ಬಾವುಟವನ್ನು ನೋಡಿದಾಗ ಅವನಿಗೆ ಏನೋ ಕಸಿವಿಸಿಯಾಯಿತು. ಮನೆಯಲ್ಲಿ ಯಾರೋ ನೀರಿನ ಹಂಡೆ ಸರಿಸಿಟ್ಟಾಗ ಕತ್ತಲಲ್ಲಿ ಕೈ ತಪ್ಪುತ್ತದಲ್ಲ, ಹಾಗೆ.

"ಅಲ್ಲೇ ನಿಂದ್ರು," ಎಂದಳು ಯಮನವ್ವ. "ಮಾಯಕ್ಕ, ನಿನ್ನ ಹಿಂಡ ಹೊಡಕೊಂಡ ಬಾ. ಸಲೀಮನ ಮ್ಯಾಲ ಹಾದು ಬರಲಿ."

"ಇದೇನ ಆಟಾನರಿ?" ಎಂದರು ಅಪ್ಪಾಸಾಬರು.

"ನಿಮ್ಮದೂ ಆಟನs ಅಲ್ರಿ, ಮಾಲಕರ? ಸ್ವಲ್ಪ ತಡೀರಿ."

ಮಾಯಕ್ಕ ಬಾಯಲ್ಲಿ ಸದ್ದು ಮಾಡುತ್ತ ಹಿಂಡನ್ನು ತಂದಳು. ಕುರಿಗಳು ತಲೆ ತಗ್ಗಿಸಿ ಧೂಳೆಬ್ಬಿಸುತ್ತ ಸಲೀಮನ ಕಡೆ ಬಂದವು. ಬಂದಂತೆ, ಅವನಿಂದ ಹತ್ತಾರು ಹೆಜ್ಜೆ ಈಚೆಗೇ, ಮುಂದಿನ ಕುರಿ ನೆಲ ಮೂಸಿ ಮಗ್ಗುಲಿಗೆ ಸರಿಯಿತು. ಹಿಂದಿನದು ಇನ್ನೊಂದು ಮಗ್ಗುಲಿಗೆ. ಹಿಂಡು ಎರಡು ಹೋಳಾಗಿ ಅವನನ್ನು ದೂರದಿಂದ ಬಳಸಿ, ಆಚೆ ಕಡೆ ಕೂಡಿಕೊಂಡಿತು. ನಡುವೆ ಉಳಿದದ್ದು ಗುಂಡನೆಯ ಬರಿ ನೆಲ. ಅದರ ಮೇಲೆ ಒಂದೇ ಒಂದು ಗೊರಸಿನ ಗುರುತಿಲ್ಲ. ಆ ಗುಂಡಿನ ನಡುವೆ ಸಲೀಮ, ಅವನ ಕಾಲ ಬುಡದಲ್ಲಿ ಚೆಂಡಿನ ಎರಡು ತಗ್ಗು.

ಯಮನವ್ವ ಆ ಗುಂಡಿನ ಅಂಚಿಗೆ ಬಂದು ನಿಂತಳು.

"ನಾ ಈಗ ಸ್ಕೂಟಿ ಮ್ಯಾಲ ಬರುವಾಗ ರಸ್ತೆಯಿಂದ ಇದನ್ನ ನೋಡ್ದೆ," ಎಂದಳು ಯಮನವ್ವ. "ಕುರಿ ಬರಿ ನೆಲಾ ಬಳಸಿ ಹೊಂಟಿದ್ವು. ಹಾಸು ಇದ್ದಲ್ಲಿ ಬಳಸಬೇಕಲ್ಲ, ಇಲ್ಲದಲ್ಲಿ ಯಾಕ ಬಳಸ್ತಾವು ಅಂತ ಅನಿಸ್ತು. ನೀವೆಲ್ಲಾರೂ ನೋಡೀರಿ. ಆದ್ರ ಕುರಿ ನೋಡಲಿಲ್ಲ, ಟಗರ ಇಲ್ಲದ್ದ ನೋಡಿದ್ರಿ."

ಆಮೇಲೆ ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಯಂತ್ರ ಕೆಟ್ಟಿರಲಿಲ್ಲ. ಹೋದ ಚಳಿಗಾಲದಲ್ಲಿ ಸಲೀಮ ನಿಂತು ಕಲಿಸಿದ ಜಾಗವನ್ನೇ ಅದು ಹೇಳಿತು, ಸಾಹೇಬರ ಚೆಂಡು ಆ ಜಾಗದಲ್ಲಿಯೇ ಬಿತ್ತು. ಸರಿದದ್ದು ಹಾಸು. ಹಸಿರು ಹುಲ್ಲಿನ ಹಾಸಾಗಿದ್ದರೆ ಒಂದು ಮಧ್ಯಾಹ್ನದಲ್ಲಿ ಯಾರು ಸರಿಸಲಾದೀತು? ಇದು ಮರಳು, ಎಣ್ಣೆ, ಒಂದು ಬಾವುಟ. ಟ್ರ್ಯಾಕ್ಟರು ಇದ್ದವನಿಗೆ, ಆಳುಗಳು ಸಂತೆಗೆ ಹೋದ ದಿನ, ಅದು ದೊಡ್ಡ ಮಾತಲ್ಲ. ಮರಳು ಹೋಯಿತು, ಕೆಳಗಿನ ಮುರುಮು ವರ್ಷಗಟ್ಟಲೆ ಕುಡಿದ ಎಣ್ಣೆ ಹೋಗಲಿಲ್ಲ. ಮನುಷ್ಯನ ಮೂಗಿಗೆ ತಿಳಿಯದ್ದು ಕುರಿಗೆ ತಿಳಿಯಿತು, ನಾಯಿಗೆ ಸೀನು ಬರಿಸಿತು.

"ಇನ್ನ, ಮಷೀನ ಕದ್ದದ್ದ ರೊಕ್ಕಕ್ಕಲ್ಲ. ರೊಕ್ಕದ ಆಸೆ ಇದ್ದಾಂವ ಆ ಗಡಿಯಾರ ಬಿಡ್ತಿದ್ದಿಲ್ಲ. ಚಹಾ ಆದ ಮ್ಯಾಲ ಸಾಹೇಬ್ರು ಮತ್ತ ಅಳೀತೇನಿ ಅಂದ್ರು. ಅಳತಿಗೆ ಅಂಜಿದಾಂವ ಕದ್ದ. ಸಲೀಮ ಏನಂದ? ಮಷೀನ ಸುಳ್ಳ ಹೇಳಂಗಿಲ್ಲ ಅಂದ. ಹಂಗ ಅಂದಾಂವ ಅದನ್ನ ಬಚ್ಚಿಡ್ತಾನೇನು? ಕೆಟ್ಟೈತಿ, ನನ್ನ ಕೈಯಾಗ ಕೊಡ್ರಿ ಅಂದಾಂವ ಯಾರು?"

ಎಲ್ಲರ ಕಣ್ಣು ಶುಭಮನ ಕಡೆ ಹೊರಳಿತು. ಅವನು ನಗಲು ನೋಡಿದ.

"ಹಾಸು ಸರಿಸೂದೂ ಗುನ್ಹೆ ಏನು, ಮಾಮಾ? ಇಲ್ಲಿ ನೆಲಾ ಕುಸೀತಿತ್ತು, ಸರಿಸಿದೆ."

"ನೆಲಾ ಕುಸಿಯೂದು ಖರೆ," ಎಂದಳು ಯಮನವ್ವ. "ಕುಸೀತೈತಿ ಅಂತs ನೀ ಸರಿಸಿದ್ದಿ. ಈ ಮಡ್ಡ್ಯಾಗ ಎಲ್ಲಿ ಗುದ್ದಲಿ ಹಾಕಿದ್ರೂ ಕಿಡಿ ಹಾರತೈತಿ. ಒಬ್ಬ ಮನಿಶ್ಯಾ ಒಂದ ಮಧ್ಯಾಹ್ನದಾಗ ಟಗರ ಹುಗಿಯುವಷ್ಟ ತಗ್ಗ ತೋಡಬೇಕಂದ್ರ ಮೆತ್ತನ ಜಾಗಾ ಹಾಸಿನ ಬುಡಕ್ಕಷ್ಟೇ. ಆದ್ರ ತೋಡಿದ ತಗ್ಗ ದಿನಾ ದಿನಾ ಇಳೀತೈತಿ. ಅದರ ಮ್ಯಾಲ ಹಾಸು ಇದ್ರ ಚೆಂಡು ಸೊಟ್ಟಗೆ ಉರುಳತಾವು, ಎಲ್ಲಾರೂ ನೋಡ್ತಾರು. ಅದಕ್ಕ ಹಾಸು ಆಚಿಗೆ ಹ್ವಾತು. ಸನಿಕಿ ತರಸ್ರಿ, ಮಾಲಕರ."

ಸನಿಕೆ ಬರುವ ಮೊದಲೇ ಶುಭಮ ನೆಲಕ್ಕೆ ಕುಳಿತುಬಿಟ್ಟ. ಟ್ರ್ಯಾಕ್ಟರು ಹಿಂದಕ್ಕೆ ತೆಗೆಯುವಾಗ ಕಿವಿಯಲ್ಲಿ ಹಾಡು ಹಚ್ಚಿಕೊಂಡಿದ್ದನಂತೆ. ನೀರಿನ ಡ್ರಮ್ಮಿನ ಮರೆಯಲ್ಲಿ ಸರದಾರ ನೆರಳಿಗೆ ಮಲಗಿದ್ದು ಕಾಣಲಿಲ್ಲ, ಗಾಲಿ ಅದರ ಮೇಲೆ ಹರಿದು ಪ್ರಾಣ ಹೋಯಿತು. ಮಾಮಾ ಮೊದಲೇ ಎರಡು ಸಲ ಹಾಡಿನ ಮಾತಿಗೆ ಬೈದಿದ್ದರು, ಮೂರನೆಯ ಸಲ ಗಾಡಿಯ ಕೀಲಿ ಕಸಿದುಕೊಂಡು ಮನೆಗೆ ಕಳಿಸುತ್ತೇನೆ ಎಂದಿದ್ದರು.

"ಹೇಳಬೇಕಂತಿದ್ದೆ," ಎಂದ ಮಾಯಕ್ಕನ ಕಡೆ ನೋಡದೆ. "ಅಷ್ಟರಾಗ ಜನಾ ಸಲೀಮನ ಹೆಸರ ಹೇಳಾಕ ಹತ್ತಿದ್ರು. ನಾ ಸುಮ್ಮಾದೆ."

ಯಂತ್ರ ಟ್ರ್ಯಾಕ್ಟರಿನ ಸೀಟಿನ ಕೆಳಗೆ, ರಿಪೇರಿಯ ಪಾನಾಗಳ ಡಬ್ಬಿಯಲ್ಲಿ ಸಿಕ್ಕಿತು. ಸಲೀಮ ಅದನ್ನು ಅಂಗಿಯ ತುದಿಯಿಂದ ಒರೆಸಿ ಸಾಹೇಬರ ಕೈಗಿಟ್ಟ. ಸಾಹೇಬರು ಗುಂಡಿ ಒತ್ತಿ ನೋಡಿದರು. ನಿಂತ ಜಾಗಕ್ಕೂ ಏಳನೆಯ ಹಾಸಿಗೂ ದೂರವೇ ಇಲ್ಲ ಎಂದು ಅದು ತೋರಿಸಿತು. ಸನಿಕೆಗೆ ಮೊದಲು ಸಿಕ್ಕಿದ್ದು ಸರದಾರನ ಕೊರಳಿನ ಕೆಂಪು ಉಣ್ಣೆಯ ಗೊಂಡೆ, ಆಮೇಲೆ ಅದಕ್ಕೆ ಕಟ್ಟಿದ ಗಂಟೆ. ಮಾಯಕ್ಕ ಸಾಕು ಎಂದಳು. ಮುಂದೆ ತೋಡಗೊಡಲಿಲ್ಲ.

ಅಪ್ಪಾಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಜೀಪು ಹೊರಟಿತು, ಅದರಲ್ಲಿ ಯಮನವ್ವನ ಮಗ್ಗುಲಿಗೆ ಕುಳಿತವನು ಅವರ ತಂಗಿಯ ಮಗ.

ಹೊತ್ತು ಮುಳುಗಿತು. ಸಲೀಮ ಖಾಲಿ ಹೆಗಲಿನಲ್ಲಿ ಊರ ಹಾದಿ ಹಿಡಿದ. ಹಿಂಡು ಹಾದಿಯಲ್ಲಿಯೇ ನಿಂತಿತ್ತು. ಮಾಯಕ್ಕ ಗಂಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಅವನು ಬಳಸಿ ಹೋಗಲು ನೋಡಿದ. ಅವಳು ಕೋಲು ಅಡ್ಡ ಹಿಡಿದಳು. ಅವನಿಗೆ ಮತ್ತೆ ಹಳೆಯ ಹೆದರಿಕೆ ಬಂತು. ಇನ್ನೇನು ಉಳಿದಿದೆ?

ಅವಳು ಅಡ್ಡ ಹಿಡಿದ ಕೋಲನ್ನು ಅವನ ಕೈಗೆ ಕೊಟ್ಟಳು.

"ಸಲೀಮಣ್ಣ, ಇವನ್ನ ಹಟ್ಟಿಗೆ ಹೊಡಕೊಂಡ ನಡಿ. ನಾ ಸರದಾರನ ಮ್ಯಾಲ ನಾಕ ಕಲ್ಲ ಇಟ್ಟ ಬರ್ತೇನಿ."

ಹೇಳಿ, ಹಿಂತಿರುಗಿ ನೋಡದೆ ಮಡ್ಡಿಯ ಕಡೆ ನಡೆದಳು. ಅವಳ ಬದುಕೆಲ್ಲ ಅವನ ಎದುರು ಧೂಳಿನಲ್ಲಿ ನಿಂತಿತ್ತು, ಕಾವಲಿಗೆ ಅವನೊಬ್ಬನೇ. ಸಲೀಮ ಕೋಲು ಎತ್ತಿ ಹಿಂಡನ್ನು ಹೊರಡಿಸಿದ.

ಇಲ್ಲಿಗೆ ರಸೂಲಸಾಬರು ಸೂಜಿಯ ದಾರ ಕಡಿದರು. ಗಾದಿ ಮುಗಿದಿತ್ತು. ಟಗರಿನ ಬೆಲೆ ಏನಾಯಿತು ಎಂದು ಒಬ್ಬ ಕೇಳಿದ. ಅದನ್ನು ಪಂಚರು ನೋಡಿಕೊಂಡರು, ನನಗೆ ತಿಳಿದದ್ದು ಇಷ್ಟೇ ಎಂದರು. ಹೆಣ್ಣುಮಕ್ಕಳು ಗಾದಿ ಸುರುಳಿ ಸುತ್ತಿ ಒಳಗೆ ಒಯ್ದರು. ಒಬ್ಬಾಕೆ, ತನ್ನ ಆಡು ಇನ್ನೂ ಮನೆಗೆ ಬಂದಿಲ್ಲವೆಂದು ನೆನಪಾಗಿ, ಚಪ್ಪಲಿ ಹುಡುಕಿ ಲಗುಬಗೆಯಿಂದ ಹೊರಟಳು. ಉಳಿದವರೂ ಬಟ್ಟೆಗಂಟಿದ ಹತ್ತಿಯ ಎಳೆ ಜಾಡಿಸಿಕೊಳ್ಳುತ್ತ ಎದ್ದು, ತಮ್ಮ ತಮ್ಮ ಮನೆಯ ಹಾದಿ ಹಿಡಿದರು.